ಗುರುತಿನ ಗಿಡಗಳು

ನಮ್ಮ ಶಿರಸಿ ಸೀಮೆಯ ಮನೆಗಳಲ್ಲಿ ಮಧ್ಯಾಹ್ನದ ಊಟ ಶುರುವಾಗುವುದು ತಂಬುಳಿಯಿಂದ. ಸಾರು, ಹುಳಿಗಳ ಸರದಿ ಆಮೇಲೆ. ಹಿತ್ತಲಲ್ಲೋ ತೋಟದ ಬದುವಿನಲ್ಲೋ ಸಿಕ್ಕ ಒಂದು ಮುಷ್ಟಿ ಸೊಪ್ಪನ್ನು ಜೀರಿಗೆ, ಕಾಳುಮೆಣಸಿನ ಜೊತೆ ಚೂರು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಮಜ್ಜಿಗೆಗೆ ಕದಡಿ ಉಪ್ಪು ಹಾಕಿದರೆ ತಂಬುಳಿ. ಅದನ್ನು ಮತ್ತೆ ಒಲೆಯ ಮೇಲೆ ಇಡುವ ಹಾಗಿಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಇವತ್ತು ಯಾವ ತಂಬುಳಿ ಎಂದು ತೀರ್ಮಾನಿಸುತ್ತಿದ್ದವರು ಅಮ್ಮಮ್ಮ, ಅಪ್ಪನ ತಾಯಿ. ಬೆಳಿಗ್ಗೆ ಎಲ್ಲರ ಮುಖ ನೋಡಿ, ಯಾರು ಹೇಗೆ ಮಾತಾಡುತ್ತಿದ್ದಾರೆ ಎಂದು ಕೇಳಿಸಿಕೊಂಡ ಮೇಲೆ ಆ ತೀರ್ಮಾನ. ಹಿಂದಿನ ದಿನ ಮದುವೆಮನೆಯ ಊಟ ಉಂಡು ಬಂದವರಿದ್ದರೆ ಶುಂಠಿ ತಂಬುಳಿ. ಯಾರದೋ ಬಾಯಲ್ಲಿ ಹುಣ್ಣಾಗಿದ್ದರೆ ಬಸಳೆ. ಹೊಟ್ಟೆ ಸಡಿಲವಾಗಿದ್ದರೆ ದಾಳಿಂಬೆಯ ಒಣಸಿಪ್ಪೆಯದ್ದು, ಇಲ್ಲವೇ ಕೊಡಸದ ಹೂವಿನದ್ದು. ಶಾಲೆಯ ಪರೀಕ್ಷೆ ಹತ್ತಿರವಾದರೆ ಒಂದೆಲಗ. ಯಾರಿಗೂ ಏನೂ ಆಗದ ದಿನವೂ ತಂಬುಳಿ ಇದ್ದೇ ಇರುತ್ತಿತ್ತು. ಅದರಿಂದಾಗಿಯೇ ಮದ್ದು ಎಂಬುದು ನಮಗೆ ಹೆದರಿಕೆಯ ಸಂಗತಿಯಾಗಿ ಬರಲೇ ಇಲ್ಲ, ಊಟವಾಗಿ ಬಂತು.

ಅಡುಗೆಮನೆಯಿಂದ ಬೇರೆಯಾದ ಮದ್ದಿನ ಕಪಾಟು ನಮ್ಮಲ್ಲಿ ಇರಲಿಲ್ಲ. ಮೆಂತ್ಯ, ಕೊತ್ತಂಬರಿ ಡಬ್ಬಿಗಳ ಸಾಲಿನಲ್ಲೇ ಹಿಪ್ಪಲಿ, ಅಳಲೆಕಾಯಿ, ಜ್ಯೇಷ್ಠಮಧು, ಓಮ ಕೂತಿರುತ್ತಿದ್ದವು. ಬೆಳಗಿನ ಪಾನೀಯ ಕಷಾಯ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಒಣಶುಂಠಿ ಸೇರಿಸಿ ಕುಟ್ಟಿದ ಪುಡಿಯನ್ನು ಬೆಲ್ಲದ ನೀರಲ್ಲಿ ಕುದಿಸಿ, ಹಾಲು ಹಾಕಿ ಲೋಟ ತುಂಬ ಕುಡಿಯುತ್ತಿದ್ದೆವು. ನೆಂಟರು ಬಂದರೂ ಮೊದಲು ಕೇಳುತ್ತಿದ್ದುದು ಕಷಾಯ ಮಾಡಲೇ ಎಂದೇ.

ವರ್ಷವಿಡೀ ಮುಂದಿನ ಋತುವಿನ ತಯಾರಿ ನಡೆಯುತ್ತಿತ್ತು. ಬೇಸಿಗೆಯಲ್ಲಿ ಬೆಟ್ಟದ ಅಂಚಿನ ಕೊಡಸದ ಗಿಡಗಳು ಬೆಳ್ಳಗೆ ಹೂ ಬಿಡುತ್ತವೆ. ನಾವು ಮಕ್ಕಳು ಉದುರಿದ ಹೂವನ್ನು ಆರಿಸಿ ತಂದರೆ ಅಮ್ಮಮ್ಮ ಅದನ್ನು ನೆರಳಲ್ಲಿ ಒಣಗಿಸಿ ಮಳೆಗಾಲಕ್ಕೆ ಕಟ್ಟಿಡುತ್ತಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು ಹಣ್ಣು. ಸಿಪ್ಪೆ ಬಿಸಿಲಿಗೆ, ಬೀಜ ಬೇರೆ ಬುಟ್ಟಿಗೆ. ಸಿಪ್ಪೆಯಿಂದ ಪಾನಕ, ಸಾರು. ಬೀಜವನ್ನು ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಗಟ್ಟಿ ತುಪ್ಪ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ. ಮಳೆ ಹಿಡಿದ ಮೇಲೆ ಕಳಲೆ. ಎಳೆ ಬಿದಿರಿನ ಆ ಮೊಳಕೆಯನ್ನು ಹೆಚ್ಚಿ ನೀರಲ್ಲಿ ಹಾಕಿ, ದಿನವೂ ನೀರು ಚೆಲ್ಲಿ ಹೊಸ ನೀರು ತುಂಬಿ, ಕೆಲವು ದಿನ ಕಳೆದ ಮೇಲಷ್ಟೇ ಅದು ಪಾತ್ರೆಗೆ ಬೀಳುತ್ತಿತ್ತು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ ಎಂದು ನಾನು ಓದಿ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ನೀರು ಬದಲಿಸದ ಕಳಲೆ ಮೈಗಾಗದು ಎಂಬುದನ್ನು ನಮ್ಮೂರಿನ ಅಡುಗೆಮನೆಗಳು ಎಷ್ಟೋ ತಲೆಮಾರಿನಿಂದ ಪಾಲಿಸಿಕೊಂಡು ಬಂದಿದ್ದವು. ಹಸಿರಾಗಿರುವುದೆಲ್ಲ ಒಳ್ಳೆಯದೇ ಎಂಬ ಭ್ರಮೆ ಆ ಹೆಂಗಸರಲ್ಲಿ ಇರಲಿಲ್ಲ. ಯಾವುದನ್ನು ಹಾಗೇ ತಿನ್ನಬಹುದು, ಯಾವುದರ ವಿಷ ಕಳೆಯಬೇಕು, ಯಾವುದನ್ನು ಮುಟ್ಟಲೇಬಾರದು ಎಂಬ ವಿಂಗಡಣೆ ಅವರಿಗೆ ಸ್ಪಷ್ಟವಾಗಿತ್ತು.

ಆ ವಿಂಗಡಣೆಯನ್ನು ಅವರು ನಮಗೆ ಕಲಿಸಿದ್ದು ಕೊಯ್ಯಲು ಕಳಿಸಿ. “ಕೂಸೇ, ತೋಟದ ಬದಿಗೆ ಹೋಗಿ ಒಂದ್ಮುಷ್ಟಿ ಒಂದೆಲಗ ಕೊಯ್ಕಂಡು ಬಾ. ಬೇರು ಕೀಳಡ” ಎನ್ನುತ್ತಿದ್ದರು ಅಮ್ಮಮ್ಮ. ತಂದ ಸೊಪ್ಪನ್ನು ಮೊರದಲ್ಲಿ ಹರವಿ ಎಲೆ ಎಲೆಯಾಗಿ ನೋಡಿದ ಮೇಲೆಯೇ ಒಳಗೆ. ಒಂದೆಲಗದ ಎಲೆ ದುಂಡಗೆ, ಅಂಚು ಗರಗಸದಂತೆ ಸಣ್ಣಗೆ ಕಚ್ಚು, ತೊಟ್ಟು ಸೇರುವಲ್ಲಿ ಸೀಳು, ಒಸರು ಇರುವ ಜಾಗದಲ್ಲಿ ನೆಲಕ್ಕಂಟಿ ಹಬ್ಬುವ ಬಳ್ಳಿ. ಅದರ ಪಕ್ಕದಲ್ಲೇ ಬೆಳೆಯುವ ಬೇರೆ ಕಳೆಯ ಎಲೆಯೊಂದು ಸೇರಿಕೊಂಡಿದ್ದರೆ ಅದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು ಮೂಸಿಸುತ್ತಿದ್ದರು, ಬೆನ್ನಿನ ನರ ಮುಟ್ಟಿಸುತ್ತಿದ್ದರು. ಬೈಗುಳವಿಲ್ಲ, ವಿವರಣೆಯೂ ಇಲ್ಲ. ಹೀಗೆ ಮೂಸಿ, ಮುಟ್ಟಿ, ನಾಲಿಗೆಯ ತುದಿಗಿಟ್ಟು ಕಲಿತ ಗಿಡಗಳು ನನಗೆ ನೆರೆಮನೆಯ ಮಕ್ಕಳಷ್ಟೇ ಪರಿಚಿತ. ಕತ್ತಲಲ್ಲಿ ಧ್ವನಿ ಕೇಳಿದರೂ ಯಾರೆಂದು ಹೇಳಬಲ್ಲೆ.

ಈ ಗುರುತಿನ ಬೆಲೆ ಎಷ್ಟೆಂದು ಪೇಟೆಗೆ ಬಂದ ಮೇಲೆ ಗೊತ್ತಾಯಿತು. ಅಂಗಡಿಯಲ್ಲಿ ಬ್ರಾಹ್ಮಿ ಎಂಬ ಚೀಟಿ ಅಂಟಿಸಿದ ಪುಡಿ ಒಂದೆಲಗದ್ದೂ ಆಗಿರಬಹುದು, ಗದ್ದೆಯ ನೀರಂಚಿನಲ್ಲಿ ಸಣ್ಣ ದಪ್ಪ ಎಲೆ ಬಿಟ್ಟು ಬೆಳೆಯುವ ನೀರುಬ್ರಾಹ್ಮಿಯದ್ದೂ ಆಗಿರಬಹುದು. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು, ಒಳಗಿನ ಸತ್ವವೂ ಬೇರೆ. ಅಶೋಕದ ತೊಗಟೆಯ ಕತೆಯೂ ಹೀಗೆಯೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ಕೆಂಪು ಹೂಗೊಂಚಲು ಬಿಡುವ ಸೀತಾಶೋಕವನ್ನು ತೊಗಟೆಗಾಗಿ ಸುಲಿದು ಸುಲಿದು ಅದು ಅಪಾಯದಂಚಿಗೆ ಬಂದಿದೆ. ರಸ್ತೆಬದಿಯಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರದ ತೊಗಟೆ ಅದರ ಹೆಸರಲ್ಲಿ ಮಾರಾಟವಾಗುತ್ತದೆ. ಪುಡಿಯಾದ ಮೇಲೆ ಕಣ್ಣು, ಮೂಗು ಯಾವುದೂ ಕೆಲಸಕ್ಕೆ ಬಾರದು. ಗಿಡವನ್ನು ಗಿಡವಾಗಿ ಕಂಡು ಕೊಯ್ದವರಿಗೆ ಮಾತ್ರ ಅದರ ಗುರುತಿನ ಭರವಸೆ.

ಅಮ್ಮಮ್ಮನ ಮನೆಮದ್ದಿನಲ್ಲಿ ಅತಿ ದೊಡ್ಡ ಮದ್ದು ಯಾವುದೆಂದು ಈಗ ಕೇಳಿದರೆ ನಾನು ಗಂಜಿ ಎನ್ನುತ್ತೇನೆ. ವಾಂತಿ ಭೇದಿ ಶುರುವಾದರೆ ಸೊಪ್ಪು ಹುಡುಕುವುದಕ್ಕೂ ಮೊದಲು ಅವರು ಅಕ್ಕಿ ಇಡುತ್ತಿದ್ದರು. ಅನ್ನ ಕರಗುವಷ್ಟು ಬೇಯಿಸಿ, ಉಪ್ಪು ಹಾಕಿದ ತೆಳು ಗಂಜಿ. ಒಂದೇ ಸಲ ಕುಡಿಸದೆ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ, ವಾಂತಿಯಾದರೆ ತುಸು ಹೊತ್ತು ಬಿಟ್ಟು ಮತ್ತೆ. ತಂಬುಳಿ, ದಾಳಿಂಬೆ ಸಿಪ್ಪೆ ಎಲ್ಲ ಅದರ ಹಿಂದಿನಿಂದ ಬರುತ್ತಿದ್ದವು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಗ್ಲೂಕೋಸ್ ತನ್ನೊಂದಿಗೆ ಉಪ್ಪನ್ನೂ, ಉಪ್ಪಿನ ಹಿಂದೆ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂಬುದು ಅದರ ಹಿಂದಿನ ತತ್ವ. ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸೇ ಆಗುವುದರಿಂದ ಅಕ್ಕಿಯ ಓಆರ್‌ಎಸ್ ಕೂಡ ಆಮೇಲೆ ಬಂತು. ಈ ಸಂಗತಿಯನ್ನು ಮೊದಲ ಸಲ ಓದಿದಾಗ ನನಗೆ ತುಂಬ ಸಂತೋಷವಾಯಿತು. ಗಂಜಿಯ ಮೇಲೆ ನಮ್ಮೂರಿನ ಹೆಂಗಸರು ಇಟ್ಟಿದ್ದ ನಂಬಿಕೆಗೆ ಶರೀರಶಾಸ್ತ್ರದ ಬೆಂಬಲವಿತ್ತು. ಅಳತೆಯ ಖಾತರಿ ಮಾತ್ರ ಪೊಟ್ಟಣದ ಓಆರ್‌ಎಸ್‌ನಲ್ಲೇ ಹೆಚ್ಚು. ಆದ್ದರಿಂದ ನನ್ನ ಅಡುಗೆಮನೆಯಲ್ಲಿ ಅಕ್ಕಿಡಬ್ಬಿಯ ಪಕ್ಕ ಆ ಪೊಟ್ಟಣವೂ ಸದಾ ಇರುತ್ತದೆ.

ಕೆಮ್ಮಿಗೆ ಆಡುಸೋಗೆ. ನಮ್ಮ ಹಿತ್ತಲ ಬೇಲಿಯ ಅರ್ಧಭಾಗ ಅದೇ ಇತ್ತು. ದನ ಮೂಸಿಯೂ ನೋಡುವುದಿಲ್ಲ, ಹೀಗಾಗಿ ಬೇಲಿಗೆ ಹೇಳಿ ಮಾಡಿಸಿದ ಗಿಡ. ಎಲೆಯನ್ನು ಬಾಡಿಸಿ ರಸ ಹಿಂಡಿ ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದರು. ಅದರ ಕಹಿ ಇವತ್ತಿಗೂ ನಾಲಿಗೆಯ ಬುಡದಲ್ಲಿದೆ. ಈ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರಾಭವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ತಯಾರಿಸಿದರು. ಇವತ್ತು ಔಷಧದಂಗಡಿಯಲ್ಲಿ ಸಿಗುವ, ಕಫ ಸಡಿಲಿಸುವ ಆಂಬ್ರಾಕ್ಸಾಲ್ ಅದೇ ಸಂತತಿಯದು. ರಕ್ತದೊತ್ತಡಕ್ಕೆ ಬಳಸಿದ ಮೊದಲ ಔಷಧಗಳಲ್ಲಿ ಒಂದಾದ ರಿಸರ್ಪಿನ್ ಬಂದದ್ದು ಸರ್ಪಗಂಧದ ಬೇರಿನಿಂದ. ಅದರ ಬಗ್ಗೆ ಮುಂಬೈಯ ಹೃದಯವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದ ಪ್ರಬಂಧ ಜಗತ್ತಿನ ಕಣ್ಣು ತೆರೆಸಿತು. ಕೀರ್ತಿಯ ಜೊತೆಗೇ ಕಾಡಿನ ಸರ್ಪಗಂಧ ಬರಿದಾಗತೊಡಗಿತು ಎಂಬುದೂ ಆ ಕತೆಯ ಭಾಗವೇ.

ಇವನ್ನೆಲ್ಲ ನಾನು ತಿಳಿದುಕೊಂಡದ್ದು ಸಸ್ಯಶಾಸ್ತ್ರ ಓದಲು ಹೋದಾಗ. ಅಮ್ಮಮ್ಮನ ಗಿಡಗಳಿಗೆ ಲ್ಯಾಟಿನ್ ಹೆಸರುಗಳಿವೆ, ಕುಟುಂಬಗಳಿವೆ ಎಂಬುದು ನನಗೆ ಹೊಸ ಲೋಕ. ಅದೇ ವರ್ಷಗಳಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೈಗೆ ಬಂತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕ, ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಸಸ್ಯವಿಜ್ಞಾನಿಯೊಬ್ಬರ ಕಥನ. ಗಿಡವನ್ನು ನೋಡುವುದೆಂದರೆ ಎಲೆಯ ಜೋಡಣೆ, ಹೂವಿನ ಒಳಮನೆ, ಅದು ನಿಂತ ನೆಲ, ಅದನ್ನು ಬಳಸುವ ಜನ ಎಲ್ಲವನ್ನೂ ಒಟ್ಟಿಗೆ ನೋಡುವುದು ಎಂದು ಅದು ನನಗೆ ಕಲಿಸಿತು. ರಜೆಗೆ ಊರಿಗೆ ಹೋದಾಗ ನಾನು ಭೂತಗನ್ನಡಿ ಹಿಡಿದು ಬೇಲಿಯ ಹತ್ತಿರ ನಿಂತರೆ ಅಮ್ಮಮ್ಮ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಆಡುಸೋಗೆಯ ಬಿಳಿ ಹೂವಿನೊಳಗೆ ನೇರಳೆ ಗೆರೆಗಳನ್ನು ಗಾಜಿನಲ್ಲಿ ನೋಡಿ ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಹೇಳಿದ ಪುಸ್ತಕದ ಹೆಸರುಗಳನ್ನು ಅವರು ಗೌರವದಿಂದ ಕೇಳಿಸಿಕೊಂಡರು, ಅವರು ಹೇಳಿದ ಊರ ಹೆಸರುಗಳನ್ನು ನಾನು ಬರೆದುಕೊಂಡೆ. ಆ ಪಟ್ಟಿ ಈಗಲೂ ನನ್ನ ಬಳಿಯಿದೆ.

ಅಮ್ಮಮ್ಮನನ್ನು ನಾನು ಇಷ್ಟು ನಂಬುವುದಕ್ಕೆ ಇನ್ನೊಂದು ಕಾರಣವಿದೆ. ತಮ್ಮ ಮದ್ದು ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸಾಮಾನ್ಯ ನೆಗಡಿ ಜ್ವರಕ್ಕೆ ಮಜ್ಜಿಗೆಹುಲ್ಲು, ತುಳಸಿ, ಶುಂಠಿಯ ಕಷಾಯ, ಗಂಜಿ, ನಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಜ್ವರವೆಲ್ಲ ಒಂದೇ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಘಟ್ಟದ ಊರೂರುಗಳನ್ನು ಕಾಡಿದೆ. ಕಾಡಿನ ಉಣುಗು ಕಚ್ಚಿ ಬರುವ ವೈರಸ್ ಅದು. ಡಿಸೆಂಬರಿನಿಂದ ಮೇ ತನಕ ಅದರ ಕಾಟ ಹೆಚ್ಚು, ನಾವು ದರಕು ಗುಡಿಸಲು, ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋಗುವ ಕಾಲವೂ ಅದೇ. ಒಂದು ಬೇಸಿಗೆಯಲ್ಲಿ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹುಡುಗನಿಗೆ ಜ್ವರ ಬಂತು. ಮೈಕೈ ಮುರಿಯುವ ನೋವು, ತಲೆ ಎತ್ತಲಾಗದು, ಕಣ್ಣು ಕೆಂಪು. ಅವನ ತಾಯಿ ಕಷಾಯ ಕೇಳಿಕೊಂಡು ಅಮ್ಮಮ್ಮನ ಹತ್ತಿರ ಬಂದಳು. ಬೆಟ್ಟದಲ್ಲಿ ಮಂಗ ಸತ್ತು ಬಿದ್ದದ್ದನ್ನು ಯಾರಾದರೂ ಕಂಡಿದ್ದಾರೆಯೇ ಎಂದು ವಿಚಾರಿಸಿದ ಅಮ್ಮಮ್ಮ ಒಲೆಯ ಕಡೆ ತಿರುಗಲೂ ಇಲ್ಲ. “ಇದು ಎನ್ನ ಕೈಲಿ ಆಪದಲ್ಲ. ತಡ ಮಾಡಡಿ, ಆಸ್ಪತ್ರೆಗೆ ಕರ್ಕಂಡು ಹೋಗಿ” ಎಂದು ಅಪ್ಪನನ್ನು ಜೀಪು ತರಲು ಓಡಿಸಿದರು. ಹುಡುಗ ಬಹಳ ದಿನ ಮಲಗಿದ್ದು ಎದ್ದು ಬಂದ. ಅವನಿಗೆ ಆಮೇಲೆ ತಿಂಗಳುಗಟ್ಟಲೆ ಗಂಜಿ, ಹಾಲು, ತಂಬುಳಿ ನಮ್ಮನೆಯಿಂದ ಹೋಯಿತು. ಮನೆಮದ್ದಿನ ನಿಜವಾದ ಜಾಗ ಯಾವುದೆಂದು ನಾನು ಕಂಡದ್ದು ಆಗ. ರೋಗ ಬಾರದ ಹಾಗೆ ಕಾಯುವಲ್ಲಿ, ಸಣ್ಣ ಬಾಧೆಯನ್ನು ಸುಧಾರಿಸುವಲ್ಲಿ, ದೊಡ್ಡ ಕಾಯಿಲೆಯಿಂದ ಎದ್ದವರಿಗೆ ಬಲ ತುಂಬುವಲ್ಲಿ ಅದಕ್ಕೆ ಕೆಲಸವಿದೆ. ನಡುವಿನ ಕಠಿಣ ಹಾದಿ ವೈದ್ಯರದು.

ಕಾಮಾಲೆಯ ವಿಷಯದಲ್ಲಿ ಈ ಗೆರೆ ಇನ್ನೂ ಸೂಕ್ಷ್ಮ. ನೆಲನೆಲ್ಲಿಯನ್ನು ಅರೆದು ಹಾಲಲ್ಲೋ ಮಜ್ಜಿಗೆಯಲ್ಲೋ ಕೊಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 1988ರಲ್ಲಿ ಮದ್ರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ ಪತ್ತೆಮಾಡಿ ನೊಬೆಲ್ ಪಡೆದಿದ್ದ ಬ್ಲಂಬರ್ಗ್ ಅವರ ಜೊತೆಗೂಡಿ, ಈ ಗಿಡ ಆ ವೈರಸ್ಸಿನ ಮೇಲೆ ಪರಿಣಾಮ ಬೀರುತ್ತದೆಂದು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದಾಗ ದೇಶಕ್ಕೆ ದೇಶವೇ ಹಿಗ್ಗಿತು. ಮುಂದಿನ ಪರೀಕ್ಷೆಗಳಲ್ಲಿ ಅದೇ ಫಲ ಸಿಗಲಿಲ್ಲ. ಇನ್ನೊಂದು ಸತ್ಯವೂ ಇದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಆ ವಾರಗಳಲ್ಲಿ ಕೊಟ್ಟ ಯಾವ ಮದ್ದಿಗಾದರೂ ಹೆಸರು ಬರುತ್ತದೆ. ಕಣ್ಣು ಹಳದಿಯಾಗುವುದಕ್ಕೆ ಇಲಿಜ್ವರ, ಪಿತ್ತಕೋಶದ ಕಲ್ಲು, ಇನ್ನೂ ಗಂಭೀರ ಕಾರಣಗಳೂ ಇರುತ್ತವೆ. ಆದ್ದರಿಂದ ನಮ್ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಮೊದಲು ರಕ್ತಪರೀಕ್ಷೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನೆಲನೆಲ್ಲಿಯ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ.

ಮದುವೆಯಾಗಿ ನಾನು ಘಟ್ಟ ಇಳಿದು ಪುತ್ತೂರಿನ ಕಡೆ ಹೋದೆ. ಅಲ್ಲಿಯ ಮಳೆ ಬೇರೆ, ಮಾತು ಬೇರೆ, ಸೊಪ್ಪುಗಳೂ ಕೆಲವು ಬೇರೆ. ಆಟಿ ತಿಂಗಳಲ್ಲಿ ಅತ್ತೆ ಚಗಟೆಸೊಪ್ಪಿನ ಪಲ್ಯ, ಕೆಸುವಿನ ಪತ್ರೊಡೆ ಮಾಡುತ್ತಿದ್ದರು. ಆಟಿ ಅಮಾವಾಸ್ಯೆಯ ಬೆಳಗ್ಗೆ ಮನೆಮಂದಿಗೆಲ್ಲ ಹಾಲೆಮರದ ಕೆತ್ತೆಯ ಕಷಾಯ. ತುಳುನಾಡಿನಲ್ಲಿ ಅದನ್ನು ಪಾಲೆ ಎನ್ನುತ್ತಾರೆ. ನಸುಕಿನಲ್ಲಿ ಹೋಗಿ ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಅದನ್ನು ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಅದ್ದಿ ಬರಿಹೊಟ್ಟೆಗೆ ಕುಡಿಯಬೇಕು. ಆಮೇಲೆ ಮೆಂತೆಗಂಜಿ. ವರ್ಷಕ್ಕೊಂದೇ ದಿನ, ಒಂದು ಸಣ್ಣ ಲೋಟ.

ಆ ಆಚರಣೆಯಲ್ಲಿ ನನಗೆ ಹಿಡಿಸಿದ್ದು ಮಾವನ ಎಚ್ಚರಿಕೆ. ಅಮಾವಾಸ್ಯೆಯ ಹಿಂದಿನ ದಿನ ಹಗಲು ಬೆಳಕಲ್ಲೇ ಅವರು ಗುಡ್ಡಕ್ಕೆ ಹೋಗಿ ಮರವನ್ನು ನೋಡಿ, ಗೊಂಚಲಲ್ಲಿ ಸುತ್ತ ಹರಡಿದ ಎಲೆಗಳನ್ನು ನೋಡಿ, ಉಗುರಲ್ಲಿ ಗೀರಿ ಹಾಲು ಒಸರುವುದನ್ನು ನೋಡಿ, ಕಾಂಡಕ್ಕೆ ಬಳ್ಳಿ ಕಟ್ಟಿ ಬರುತ್ತಿದ್ದರು. ಅದೇ ಗುಡ್ಡದಲ್ಲಿ ಕಾಸರಕವೂ ಇತ್ತು. ಅದರ ಬೀಜ, ತೊಗಟೆಗಳಲ್ಲಿ ಸ್ಟ್ರಿಕ್ನಿನ್ ಎಂಬ ಉಗ್ರ ವಿಷವಿದೆ. ಕತ್ತಲಲ್ಲಿ ಮರ ತಪ್ಪಿದರೆ ಲೋಟದಲ್ಲಿರುವುದು ಸಾವು. ಪದ್ಧತಿ ಎಷ್ಟೇ ಹಳೆಯದಾದರೂ ಗುರುತು ಹಿಡಿಯುವ ಒಬ್ಬ ಮನುಷ್ಯ ಇರುವ ತನಕ ಮಾತ್ರ ಅದು ಸುರಕ್ಷಿತ. ಈಗ ಪೇಟೆಗಳಲ್ಲಿ ಆ ದಿನ ಸಾರ್ವಜನಿಕವಾಗಿ ಕಷಾಯ ಹಂಚುವುದುಂಟು. ಅಂಥಲ್ಲೆಲ್ಲ ನಾನು ಮೊದಲು ಕೇಳುವುದು ಮರ ಗುರುತಿಸಿದವರು ಯಾರು ಎಂದು.

ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಬಂದೆ. ಲಕ್ಕಿಸೊಪ್ಪು ಹಾಕಿ ಕಾಯಿಸಿದ ಹಂಡೆ ನೀರಿನ ಸ್ನಾನ, ಮೆಂತ್ಯ, ಶುಂಠಿ, ಬೆಲ್ಲ, ತುಪ್ಪದ ಲೇಹ್ಯ, ಬೆಳ್ಳುಳ್ಳಿ ಸಾರು, ಮಧ್ಯಾಹ್ನದ ನಿದ್ದೆ. ಇಷ್ಟು ಆರೈಕೆ ನನ್ನ ಜೀವನದಲ್ಲಿ ಮತ್ತೆಂದೂ ನನಗೆ ಸಿಕ್ಕಿಲ್ಲ. ಹಳೆಯ ರೂಢಿಯಂತೆ ಮಗುವಿಗೆ ಬಜೆ, ಜಾಯಿಕಾಯಿ, ಮಾಚಿಕಾಯಿಗಳನ್ನು ಸಾಣೆಕಲ್ಲಿನಲ್ಲಿ ತೇದು ನೆಕ್ಕಿಸುವುದೂ ಇತ್ತು. ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದ್ದರು. ಆದರೆ ಮಕ್ಕಳ ವೈದ್ಯರು ಆರು ತಿಂಗಳ ತನಕ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. ಬಜೆಯಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಗಡ್ಡೆ ಉಂಟುಮಾಡುವುದು ಕಂಡುಬಂದು 1968ರಲ್ಲಿ ಅಮೆರಿಕ ಅದನ್ನು ಆಹಾರದಲ್ಲಿ ಬಳಸುವುದನ್ನೇ ನಿಷೇಧಿಸಿತ್ತು. ನಾನು ಇದನ್ನೆಲ್ಲ ಅಮ್ಮಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಗುವಿನ ಕಾಲು ಸವರುತ್ತ ಕೂತರು. ಆಮೇಲೆ “ಡಾಕ್ಟ್ರು ಬ್ಯಾಡ ಹೇಳಿದ್ಮೇಲೆ ಬ್ಯಾಡ. ನಿಂಗೆ ಚೊಲೋ ಊಟ ಹಾಕಿದ್ರೆ ಅದಕ್ಕೂ ಮುಟ್ತು” ಎಂದು ಸಾಣೆಕಲ್ಲನ್ನು ಒಳಗಿಟ್ಟರು. ತಮ್ಮ ಜೀವಮಾನದ ರೂಢಿಯೊಂದನ್ನು ಮರಿಮಗಳಿಗಾಗಿ ಅವರು ಬಿಟ್ಟುಕೊಟ್ಟರು. ಪರಂಪರೆ ಎಂದರೆ ಇದೂ ಹೌದು ಎಂದು ನಾನು ಅವರಿಂದ ಕಲಿತೆ. ಉಳಿಸಿಕೊಳ್ಳಬೇಕಾದ್ದನ್ನು ಉಳಿಸಿಕೊಳ್ಳುವಷ್ಟೇ ಧೈರ್ಯ ಬಿಡಬೇಕಾದ್ದನ್ನು ಬಿಡುವುದಕ್ಕೂ ಬೇಕು.

2020ರಲ್ಲಿ ಕೊರೊನಾ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಊರಿಗೆ ಊರೇ ಕಷಾಯ ಕುದಿಸುತ್ತಿತ್ತು. ಶುಂಠಿ, ಮೆಣಸು, ಅರಿಶಿನಗಳಿಂದ ಗಂಟಲಿಗೆ ಹಿತವಾಗುತ್ತದೆ, ಸಂಶಯವಿಲ್ಲ. ಆದರೆ ರೋಗದ ಭಯದಲ್ಲಿ ಜನ ಅಮೃತಬಳ್ಳಿಯ ಮಾತ್ರೆ, ರಸ, ಪುಡಿಗಳನ್ನು ತಿಂಗಳುಗಟ್ಟಲೆ ದಿನವೂ ನುಂಗಿದರು. 2021ರಲ್ಲಿ ಮುಂಬೈಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಕೆಲವು ರೋಗಿಗಳ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಅವರು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ, ಅದನ್ನು ಹೋಲುವ ಬೇರೆ ಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆ ವಾದ ಪ್ರತಿವಾದ ಓದುತ್ತ ನನಗೆ ಕಂಡದ್ದು ಒಂದೇ. ಎರಡೂ ಕಡೆಯವರು ಮಾತಾಡುತ್ತಿದ್ದುದು ಗುರುತು ಮತ್ತು ಪ್ರಮಾಣದ ಬಗ್ಗೆ, ಅಮ್ಮಮ್ಮ ಮೊರದಲ್ಲಿ ಸೊಪ್ಪು ಹರವಿ ನೋಡುತ್ತಿದ್ದ ಅದೇ ಎರಡು ಸಂಗತಿಗಳ ಬಗ್ಗೆ. ನಮ್ಮನೆಯಲ್ಲಿ ಅಮೃತಬಳ್ಳಿ ಮಾವಿನ ಮರಕ್ಕೆ ಹಬ್ಬಿತ್ತು. ಅದನ್ನು ಬಳಸಿದ್ದು ಜ್ವರ ಬಂದಾಗ, ಬೆರಳುದ್ದದ ತುಂಡು, ಒಂದೆರಡು ಹೊತ್ತು. ನಿತ್ಯ ನುಂಗುವ ಮಾತೇ ಇರಲಿಲ್ಲ. ಊಟದಲ್ಲಿ ಬರುವ ಸೊಪ್ಪು ದಿನಕ್ಕೊಂದು ಬದಲಾಗುತ್ತದೆ, ಋತು ಅದಕ್ಕೆ ಮಿತಿ ಹಾಕುತ್ತದೆ. ಬಾಟಲಿಗೆ ಋತು ಇಲ್ಲ.

ಈಗ ಊರಿಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಬೇಲಿಗೆ. ಆಡುಸೋಗೆ, ಲಕ್ಕಿ, ದಾಸವಾಳ, ಮದರಂಗಿಗಳ ಜೀವಂತ ಬೇಲಿ ಇದ್ದ ಎಷ್ಟೋ ಮನೆಗಳ ಸುತ್ತ ಈಗ ಮುಳ್ಳುತಂತಿ, ಸಿಮೆಂಟ್ ಕಂಬ. ತೋಟಕ್ಕೆ ಕಳೆನಾಶಕ ಹೊಡೆದ ಮೇಲೆ ಬದುವಿನ ಒಂದೆಲಗ, ನೆಲನೆಲ್ಲಿ ಸುಟ್ಟು ಕಂದಾಗಿವೆ. ಉಳಿದಲ್ಲಿಯೂ ವಿಷ ಬಿದ್ದ ಜಾಗದ ಸೊಪ್ಪನ್ನು ಕೊಯ್ಯಲು ಧೈರ್ಯ ಬರುವುದಿಲ್ಲ. ತಂಬುಳಿಯ ವಿಧಾನಗಳು ಪುಸ್ತಕದಲ್ಲಿ, ವಿಡಿಯೊಗಳಲ್ಲಿ ಹೇರಳವಾಗಿವೆ, ಅವು ಕಳೆದುಹೋಗುವ ಭಯ ನನಗಿಲ್ಲ. ನನ್ನ ಸಂಕಟ ಗಿಡಗಳದ್ದು. ಬೇಲಿ ಹೋದರೆ ಆಡುಸೋಗೆ ಹೋಯಿತು, ಆಡುಸೋಗೆ ಹೋದರೆ ಅದನ್ನು ಮೂಸಿ ಗುರುತು ಹಿಡಿಯುವ ಮಗುವೂ ಇಲ್ಲವಾಯಿತು. ಆಮೇಲೆ ಉಳಿಯುವುದು ಅಂಗಡಿಯ ಪುಡಿ, ಅದರ ಮೇಲಿನ ಚೀಟಿ. 1993ರಿಂದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ದಕ್ಷಿಣದ ರಾಜ್ಯಗಳ ಅರಣ್ಯ ಇಲಾಖೆಗಳ ಜೊತೆ ಸೇರಿ ಕಾಡಿನಲ್ಲೇ ಔಷಧಿ ಸಸ್ಯಗಳ ಸಂರಕ್ಷಣಾ ತಾಣಗಳನ್ನು ಗುರುತಿಸಿದೆ. ಅದು ದೊಡ್ಡ ಕೆಲಸ. ಆದರೆ ಒಂದೆಲಗ, ದೊಡ್ಡಪತ್ರೆ, ನೆಲನೆಲ್ಲಿಯಂಥ ಮನೆಬಳಕೆಯ ಗಿಡಗಳನ್ನು ಯಾವ ಇಲಾಖೆಯೂ ನಮ್ಮ ಪರವಾಗಿ ಉಳಿಸಿಕೊಡಲಾರದು. ಅವು ಮನುಷ್ಯರ ಕಾಲಬುಡದಲ್ಲೇ ಬೆಳೆದುಬಂದವು, ಉಳಿದರೆ ಅಲ್ಲಿಯೇ ಉಳಿಯಬೇಕು.

ನನ್ನ ಬೆಂಗಳೂರಿನ ಮನೆಯ ಬಾಲ್ಕನಿಯಲ್ಲಿ ಊರಿಂದ ತಂದ ಒಂದೆಲಗ ಅಗಲ ಕುಂಡದಲ್ಲಿ ಹಬ್ಬಿದೆ. ಬುಡ ಸದಾ ತೇವ ಇರಬೇಕು, ಉರಿಬಿಸಿಲು ಆಗದು. ದೊಡ್ಡಪತ್ರೆಯ ಒಂದು ಟೊಂಗೆ ಮಣ್ಣಿಗೆ ಚುಚ್ಚಿದರೆ ಸಾಕು, ಆದರೆ ಅದಕ್ಕೆ ನೀರು ಹೆಚ್ಚಾದರೆ ಕೊಳೆಯುತ್ತದೆ. ಮಜ್ಜಿಗೆಹುಲ್ಲು, ಬಸಳೆ, ತುಳಸಿ ಇವೆ. ಆಡುಸೋಗೆಯನ್ನು ನಮ್ಮ ವಸತಿ ಸಮುಚ್ಚಯದ ಕಾಂಪೌಂಡಿನ ಪಕ್ಕ ನೆಟ್ಟಿದ್ದೇನೆ. ಎರಡು ಆಳು ಎತ್ತರವಾಗಿ ಹೂ ಬಿಡುತ್ತಿದೆ. ಕೆಳಮನೆಯ ಮಕ್ಕಳು ಬಂದಾಗ ಎಲೆ ಕೊಯ್ದು ಅವರ ಅಂಗೈಯಲ್ಲಿಡುತ್ತೇನೆ, ಮೂಸಲು ಹೇಳುತ್ತೇನೆ. ಗುರುತು ಗೊತ್ತಿಲ್ಲದ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು ಎಂಬ ಪಾಠವನ್ನು ಅದರ ಜೊತೆಗೇ ಹೇಳಿಕೊಡುತ್ತೇನೆ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಕಷಾಯದ ಬಗ್ಗೆ ಕೇಳಿದರೆ, ಮೊದಲು ನಿಮ್ಮ ವೈದ್ಯರಿಗೆ ಹೇಳಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಎನ್ನುತ್ತೇನೆ. ಬಸುರಿಯರಿಗೆ, ಎಳೆಗೂಸುಗಳಿಗೆ ಯಾವ ಬೇರು ತೊಗಟೆಯನ್ನೂ ನಾನು ಸೂಚಿಸುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡ ಬೇಡ.

ಓದುತ್ತಿರುವ ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಗಿಡಗಳ ಗುರುತು ಇದ್ದರೆ, ಅವರು ನಡೆದಾಡುವ ಶಕ್ತಿಯಿರುವಾಗಲೇ ಅವರ ಜೊತೆ ಬೇಲಿಯ ಪಕ್ಕ, ಗದ್ದೆಯ ಬದುವಿನ ಮೇಲೆ ಒಮ್ಮೆ ನಡೆಯಿರಿ. ಅವರು ತೋರಿಸಿದ ಗಿಡದ ಒಂದು ಬೇರನ್ನೋ ಟೊಂಗೆಯನ್ನೋ ತಂದು ನೆಡಿ. ಅದು ಚಿಗುರುವುದನ್ನು, ಹೂ ಬಿಡುವುದನ್ನು, ಬೇಸಿಗೆಯಲ್ಲಿ ಬಾಡುವುದನ್ನು ವರ್ಷಪೂರ್ತಿ ನೋಡಿ. ಅದು ಏನು ಮಾಡಬಲ್ಲದು, ಏನನ್ನು ಮಾಡಲಾರದು ಎರಡನ್ನೂ ಕೇಳಿ ಬರೆದಿಡಿ. ಸಹಜವಾಗಿ ಬದುಕುವುದೆಂದರೆ ನನ್ನ ಮಟ್ಟಿಗೆ ಇಷ್ಟೇ: ತಿನ್ನುವ ಸೊಪ್ಪಿನ ಗುರುತು ಇರಬೇಕು, ಮನೆಯವರ ಮೈಯ ಗುರುತು ಇರಬೇಕು, ಆಸ್ಪತ್ರೆಯ ಬಾಗಿಲು ತಟ್ಟಬೇಕಾದ ಹೊತ್ತಿನ ಗುರುತೂ ಇರಬೇಕು. ಈ ಮೂರೂ ನನಗೆ ನನ್ನ ಹಿರಿಯರಿಂದ ಬಂದವು. ನನ್ನ ಮಗಳ ಕೈಗೂ ಅವನ್ನು ದಾಟಿಸಿ ಹೋಗಬೇಕೆಂಬುದೇ ನನ್ನ ಆಸೆ.